ಹಾಜರಿ ಕೇಳದ ಊರಿಗೆ ಬರುವ ಬಿಕಾಂ ಹುಡುಗರು

ಬೆಂಗಳೂರಿನಲ್ಲಿ ಬಿಕಾಂ ಅಥವಾ ಬಿಬಿಎ ಮುಗಿಸಿ ಮ್ಯಾನೇಜ್‌ಮೆಂಟ್ ಓದಲು ಜರ್ಮನಿಗೆ ಬರುವ ಹುಡುಗ-ಹುಡುಗಿಯರು ಮೊದಲ ಸೆಮಿಸ್ಟರ್‌ನಲ್ಲಿ ಎಡವುವುದು ಬುದ್ಧಿ ಸಾಲದೆ ಅಲ್ಲ. ಜರ್ನಲ್ ಎಂಟ್ರಿ, ಕಾಸ್ಟ್ ಶೀಟ್, ಬಡ್ಡಿ ಲೆಕ್ಕದಲ್ಲಿ ಅವರ ಕೈ ಇಲ್ಲಿಯ ಸಹಪಾಠಿಗಳಿಗಿಂತ ಚುರುಕು. ಅವರು ಎಡವುವುದು ತಾರೀಖಿನಲ್ಲಿ. ಊರಿನಲ್ಲಿ ಅವರ ತಾರೀಖುಗಳನ್ನೆಲ್ಲ ಕಾಲೇಜು ನೋಡಿಕೊಳ್ಳುತ್ತಿತ್ತು. ಹಾಜರಿ 75ಕ್ಕಿಂತ ಕೆಳಗಿಳಿದರೆ ಮನೆಗೆ ಮೆಸೇಜು ಹೋಗುತ್ತದೆ, ಪರೀಕ್ಷಾ ಶುಲ್ಕದ ದಿನವನ್ನು ಕ್ಲಾಸಿಗೇ ಬಂದು ಹೇಳುತ್ತಾರೆ, ಆ ದಿನ ತಪ್ಪಿದರೂ ದಂಡ ಕಟ್ಟಿ ಸೇರಿಕೊಳ್ಳಬಹುದು. ಇಲ್ಲಿ ಹಾಗೆ ನೆನಪಿಸುವವರು ಯಾರೂ ಇಲ್ಲ.

ಇಲ್ಲಿ ಉಪನ್ಯಾಸಗಳಿಗೆ ಬಹುಮಟ್ಟಿಗೆ ಹಾಜರಿಯೇ ಇಲ್ಲ. ಸೆಮಿಸ್ಟರ್‌ಪೂರ್ತಿ ರೂಮಿನಲ್ಲೇ ಇದ್ದರೂ ಯಾರೂ ಕೇಳುವುದಿಲ್ಲ. ಆದರೆ ಪರೀಕ್ಷೆಗೆ ವಿಶ್ವವಿದ್ಯಾಲಯದ ಪೋರ್ಟಲ್‌ನಲ್ಲಿ ಒಂದೊಂದು ವಿಷಯಕ್ಕೂ ಬೇರೆಬೇರೆಯಾಗಿ ಹೆಸರು ನೋಂದಾಯಿಸಬೇಕು. ಅದಕ್ಕೆ ಕೊಡುವ ಅವಧಿ ಸಾಮಾನ್ಯವಾಗಿ ಕೆಲವೇ ವಾರ, ಅದೂ ಪರೀಕ್ಷೆ ಶುರುವಾಗುವ ಎಷ್ಟೋ ದಿನ ಮೊದಲೇ ಮುಗಿದುಹೋಗುತ್ತದೆ. ತಪ್ಪಿದರೆ ಆ ಸಲದ ಪರೀಕ್ಷೆ ತಪ್ಪಿದ ಹಾಗೆಯೇ, ಪ್ರಾಧ್ಯಾಪಕರ ಬಳಿ ಹೋಗಿ ಬೇಡಿಕೊಂಡರೂ ಅವರ ಕೈಯಲ್ಲಿ ಏನೂ ಇರುವುದಿಲ್ಲ. ಇದಕ್ಕಿಂತ ಅಪಾಯದ್ದು ಇನ್ನೊಂದು: ಹೆಸರು ನೋಂದಾಯಿಸಿ, ಓದಾಗಿಲ್ಲ ಎಂದು ಸುಮ್ಮನೆ ಹೋಗದೆ ಇರುವುದು. ಬೆಂಗಳೂರಿನಲ್ಲಿ ಅದು ‘ಆಬ್ಸೆಂಟ್’, ಮುಂದಿನ ಸಲ ಬರೆದರಾಯಿತು. ಇಲ್ಲಿ ಅದು 5.0, ಅಂದರೆ ಫೇಲು. 1.0 ಎಂದರೆ ಅತ್ಯುತ್ತಮ, 4.0 ಎಂದರೆ ಪಾಸಿನ ಅಂಚು; ಅಂಕ ದೊಡ್ಡದಾದಷ್ಟೂ ಕೆಟ್ಟದ್ದು ಎಂಬುದು ತಲೆಗೆ ಹತ್ತಲು ಕೆಲವರಿಗೆ ತಿಂಗಳೇ ಬೇಕಾಗುತ್ತದೆ.

ಹೆಚ್ಚಿನ ಕಡೆ ಒಂದು ವಿಷಯಕ್ಕೆ ಮೂರೇ ಅವಕಾಶ, ಕೆಲವೆಡೆ ಎರಡೇ. ಕಡ್ಡಾಯ ವಿಷಯವೊಂದರಲ್ಲಿ ಕೊನೆಯ ಅವಕಾಶವೂ ಹೋಯಿತೆಂದರೆ ಪ್ರವೇಶವೇ ರದ್ದಾಗುತ್ತದೆ. ದೇಶದ ಬೇರೆ ವಿಶ್ವವಿದ್ಯಾಲಯದಲ್ಲೂ ಅದೇ ಕೋರ್ಸಿಗೆ ಸೇರುವುದು ಬಹುಮಟ್ಟಿಗೆ ಮುಗಿದ ಮಾತು. ವೀಸಾ ನಿಂತಿರುವುದೂ ಓದಿನ ಮೇಲೆಯೇ. ಐದನೇ ಸೆಮಿಸ್ಟರ್ ಬರೆಯುವಾಗಲೂ ಎರಡನೇ ಸೆಮಿಸ್ಟರ್‌ನ ಬ್ಯಾಕ್ ಇಟ್ಟುಕೊಂಡು ಓಡಾಡುವ ನಮ್ಮ ನಿರಾಳ ಇಲ್ಲಿ ನಡೆಯದು. ಓದಾಗಿಲ್ಲದಿದ್ದರೆ ಹಿಂದೆಗೆಯುವ ಕೊನೆಯ ದಿನದೊಳಗೆ ಪೋರ್ಟಲ್‌ನಲ್ಲಿ ಹೆಸರು ತೆಗೆಸಬೇಕು. ಹುಷಾರು ತಪ್ಪಿದರೆ ಅವತ್ತೇ ವೈದ್ಯರ ಬಳಿ ಹೋಗಿ ಪರೀಕ್ಷೆ ಬರೆಯುವ ಸ್ಥಿತಿಯಲ್ಲಿಲ್ಲ ಎಂಬ ಪತ್ರ ಪಡೆದು ತಡಮಾಡದೆ ಪರೀಕ್ಷಾ ಕಚೇರಿಗೆ ತಲುಪಿಸಬೇಕು. ವಾರ ಕಳೆದು ಕೊಟ್ಟ ಸರ್ಟಿಫಿಕೇಟಿಗೆ ಬೆಲೆಯಿಲ್ಲ.

ಓದಿನ ಗಂಟೆಗಳ ಲೆಕ್ಕವೂ ಬೇರೆ. ಯುರೋಪಿನ ಒಂದು ಕ್ರೆಡಿಟ್ ಎಂದರೆ 25ರಿಂದ 30 ಗಂಟೆ ಕೆಲಸ, ಜರ್ಮನಿಯಲ್ಲಿ ಹೆಚ್ಚಾಗಿ 30. ಹಾಗಾಗಿ 6 ಕ್ರೆಡಿಟ್‌ನ ಒಂದು ವಿಷಯ 180 ಗಂಟೆ. ಅದರಲ್ಲಿ ಕ್ಲಾಸು ವಾರಕ್ಕೆ 45 ನಿಮಿಷದ ನಾಲ್ಕು ಪಿರಿಯಡ್ ಎಂದರೆ, 15 ವಾರಕ್ಕೆ 45 ಗಂಟೆ. ಉಳಿದ 135 ಗಂಟೆ ವಿದ್ಯಾರ್ಥಿಯ ಪಾಲಿನದು. ಅಂಥ ಐದು ವಿಷಯ ಸೇರಿದರೆ ಸೆಮಿಸ್ಟರ್‌ಗೆ 900 ಗಂಟೆ. ಟೈಮ್‌ಟೇಬಲ್‌ನಲ್ಲಿ ವಾರಕ್ಕೆ ಹದಿನೈದು ಗಂಟೆ ಕ್ಲಾಸು ಮಾತ್ರ ಕಂಡಾಗ ನಮ್ಮವರು ‘ಇಷ್ಟೇನಾ’ ಎಂದುಕೊಂಡು ಉಳಿದ ಹೊತ್ತನ್ನು ಪಾರ್ಟ್‌ಟೈಮ್ ಕೆಲಸಕ್ಕೆ ಕೊಟ್ಟುಬಿಡುತ್ತಾರೆ. ಕಾನೂನು ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ಕೆಲಸಕ್ಕೆ ಬಿಡುತ್ತದೆ ನಿಜ. ಆದರೆ ಮೊದಲ ಸೆಮಿಸ್ಟರ್‌ನಲ್ಲೇ ರಾತ್ರಿ ಪಾಳಿಯ ಗೋದಾಮು ಕೆಲಸ ಹಿಡಿದರೆ ಆ 135 ಗಂಟೆ ಎಲ್ಲಿಂದ ಬರಬೇಕು? ಮೊದಲ ಆರು ತಿಂಗಳು ಕೆಲಸಕ್ಕೆ ಹೋಗದೆ ನಡೆಯುವಷ್ಟು ಹಣ ಕೂಡಿಟ್ಟುಕೊಂಡೇ ಬರುವುದು ಒಳ್ಳೆಯದು.

ಹಣದ ಮಾತು ಬಂತು. ವೀಸಾಕ್ಕೆ ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ತಿಂಗಳಿಗೆ ಇಷ್ಟೇ ಎಂದು ಹಣ ಬಿಡುವ ಖಾತೆಯಲ್ಲಿ, ವರ್ಷಕ್ಕೆ 11,904 ಯೂರೋ ತೋರಿಸಬೇಕು. ತಿಂಗಳಿಗೆ 992 ಯೂರೋ ಮಾತ್ರ ಕೈಗೆ ಬರುತ್ತದೆ. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಫೀಸಿಲ್ಲ ಎಂಬ ಮಾತು ಎಲ್ಲ ಕಡೆಗೂ ಸಲ್ಲುವುದಿಲ್ಲ. ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯ 2017ರಿಂದಲೇ ಯುರೋಪಿಯನ್ ಒಕ್ಕೂಟದ ಹೊರಗಿನವರಿಂದ ಸೆಮಿಸ್ಟರ್‌ಗೆ 1,500 ಯೂರೋ ಪಡೆಯುತ್ತಿದೆ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯ 2024ರ ಚಳಿಗಾಲದಿಂದ ಮಾಸ್ಟರ್ಸ್‌ಗೆ ಸೆಮಿಸ್ಟರ್‌ಗೆ 4,000 ಅಥವಾ 6,000 ಯೂರೋ ಎಂದಿದೆ.

ನಮ್ಮ ಅಂಕ ಜರ್ಮನಿಯ ಅಳತೆಯಲ್ಲಿ ಎಷ್ಟಾಗುತ್ತದೆ ಎಂಬ ಪ್ರವೇಶದ ಲೆಕ್ಕವನ್ನು ಮನೆಯಲ್ಲೇ ಕೂತು ಮಾಡಿಕೊಳ್ಳಬಹುದು, ಅದಕ್ಕೆ ಏಜೆಂಟರು ಬೇಕಿಲ್ಲ. ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆಯಿರಿ. ಗರಿಷ್ಠದಿಂದ ಪಾಸಿನ ಅಂಕ ಕಳೆಯಿರಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ 3ರಿಂದ ಗುಣಿಸಿ 1 ಕೂಡಿಸಿ. 100ಕ್ಕೆ 70 ಬಂದು ಪಾಸಿನ ಅಂಕ 40 ಆಗಿದ್ದರೆ 2.5. ಅದೇ 70ಕ್ಕೆ ಪಾಸಿನ ಅಂಕ 35 ಎಂದು ಹಿಡಿದರೆ 2.4ರ ಆಸುಪಾಸು, 50 ಎಂದು ಹಿಡಿದರೆ 2.8. ಹಲವು ಮ್ಯಾನೇಜ್‌ಮೆಂಟ್ ಕೋರ್ಸುಗಳು 2.5ರಲ್ಲಿ ಗೆರೆ ಎಳೆಯುವುದರಿಂದ ಅಂಕಪಟ್ಟಿಯ ಹಿಂದೆ ಪಾಸಿನ ಅಂಕ ಎಷ್ಟೆಂದು ಅಚ್ಚಾಗಿದೆ ಎಂಬುದೇ ನಿರ್ಣಾಯಕ. ನವೆಂಬರ್ 2022ರಿಂದ ಭಾರತದ ವಿದ್ಯಾರ್ಥಿಗಳಿಗೆ ಎಪಿಎಸ್ ಪ್ರಮಾಣಪತ್ರ (ನಮ್ಮ ಅಂಕಪಟ್ಟಿ, ಪದವಿಪತ್ರ ಅಸಲಿ ಎಂದು ಪರಿಶೀಲಿಸಿ ಕೊಡುವ ಪತ್ರ) ಕಡ್ಡಾಯವಾಗಿದೆ, ಅದನ್ನು ಮೊದಲೇ ಮಾಡಿಸಿಕೊಂಡಿರಬೇಕು. ಇನ್ನು ಬಿಇ ಮಾಡಿದವರು ‘ಮ್ಯಾನೇಜ್‌ಮೆಂಟ್ ಮಾಸ್ಟರ್ಸ್’ ಎಂದು ಅರ್ಜಿ ಹಾಕಿ ತಿರಸ್ಕೃತರಾಗುವುದಕ್ಕೆ ಅಂಕ ಕಾರಣವಲ್ಲ. ಇಲ್ಲಿಯ ಬಹುತೇಕ ಕೋರ್ಸುಗಳು ಪದವಿಯಲ್ಲೇ ಇಷ್ಟು ಕ್ರೆಡಿಟ್ ಅಕೌಂಟಿಂಗ್, ಇಷ್ಟು ಅರ್ಥಶಾಸ್ತ್ರ, ಇಷ್ಟು ಸಂಖ್ಯಾಶಾಸ್ತ್ರ ಓದಿರಬೇಕು ಎಂದು ಕೇಳುತ್ತವೆ. ಬಿಕಾಂನವರಿಗೆ ಇದೇ ಅನುಕೂಲ. ಆರೂ ಸೆಮಿಸ್ಟರ್‌ನ ಸಿಲಬಸ್ಸನ್ನು ಗಂಟೆಗಳ ಸಮೇತ ಕಾಲೇಜಿನಿಂದ ಸೀಲು ಹಾಕಿಸಿ ತಂದರೆ ಅರ್ಧ ಕೆಲಸ ಆದಂತೆ.

ಈಗ ಪ್ರಶ್ನೆಪತ್ರಿಕೆ. ಬೆಂಗಳೂರಿನ ಪತ್ರಿಕೆ ಬರವಣಿಗೆ ಕೇಳುತ್ತದೆ. ಕ್ವೆಶ್ಚನ್ ಬ್ಯಾಂಕ್ ಉರು ಹೊಡೆದು, ದೊಡ್ಡ ಪ್ರಶ್ನೆಗೆ ಆರು ಪುಟ ತುಂಬಿಸಿ, ಅಡಿಷನಲ್ ಶೀಟಿಗೆ ದಾರ ಕಟ್ಟಿದರೆ ಅಂಕ ಬರುತ್ತದೆ. ಇಲ್ಲಿ ಸಾಮಾನ್ಯವಾಗಿ 90 ನಿಮಿಷಕ್ಕೆ 90 ಅಂಕ. ನಾಲ್ಕು ಅಂಕದ ಪ್ರಶ್ನೆಗೆ ನಾಲ್ಕು ನಿಮಿಷ, ನಾಲ್ಕು ವಾಕ್ಯ. ನಮ್ಮವರು ಮೊದಲ ಪ್ರಶ್ನೆಗೆ ಪೀಠಿಕೆ, ಅರ್ಥ, ವ್ಯಾಖ್ಯಾನ, ಲಕ್ಷಣ ಎಂದು ಅರ್ಧ ಗಂಟೆ ಬರೆದು, ಕೊನೆಯ ಎರಡು ಲೆಕ್ಕ ಮುಟ್ಟದೆ ಬರುತ್ತಾರೆ. ಗೊತ್ತಿದ್ದ ಲೆಕ್ಕಗಳವು.

ಕೇಳುವ ಬಗೆಯೂ ಬೇರೆ. ನಮ್ಮ ದರ್ಶಿನಿಯನ್ನೇ ತೆಗೆದುಕೊಳ್ಳಿ. ಇಡ್ಲಿ-ವಡೆ ಪ್ಲೇಟಿಗೆ 50 ರೂಪಾಯಿ, ಸಾಮಗ್ರಿಯ ಖರ್ಚು 20, ಬಾಡಿಗೆ-ಸಂಬಳ ಸೇರಿ ತಿಂಗಳಿಗೆ 3,00,000 ಎಂದಿಟ್ಟುಕೊಳ್ಳೋಣ. ಬ್ರೇಕ್-ಈವನ್, ಅಂದರೆ ಲಾಭವೂ ಇಲ್ಲದ ನಷ್ಟವೂ ಇಲ್ಲದ ಮಟ್ಟ, 10,000 ಪ್ಲೇಟು. ಬೆಂಗಳೂರಿನ ಪರೀಕ್ಷೆ ಇಲ್ಲಿಗೆ ಮುಗಿಯುತ್ತದೆ. ಇಲ್ಲಿಯದು ಇಲ್ಲಿಂದ ಶುರು: ಈಗ 12,000 ಪ್ಲೇಟು ಹೋಗುತ್ತಿದೆ, ಬಾಡಿಗೆ 20,000 ಏರಿತು, ಮಾಲೀಕರು ಬೆಲೆಯನ್ನು 55 ಮಾಡಬೇಕೆಂದಿದ್ದಾರೆ; ಹಳೆಯ ಲಾಭ ಉಳಿಯಬೇಕಾದರೆ ಎಷ್ಟು ಗಿರಾಕಿ ಕೈತಪ್ಪಿದರೂ ನಡೆದೀತು? ಹಳೆಯ ಲಾಭ 60,000. ಹೊಸ ಸ್ಥಿರ ವೆಚ್ಚ 3,20,000, ಪ್ಲೇಟಿಗೆ ಉಳಿಕೆ 35. ಈ ವೆಚ್ಚ, ಹಳೆಯ ಲಾಭ ಎರಡೂ ಸೇರಿದ 3,80,000ವನ್ನು 35ರಿಂದ ಭಾಗಿಸಿದರೆ 10,858 ಪ್ಲೇಟು. ತಿಂಗಳಿಗೆ 1,142 ಪ್ಲೇಟು ಕಡಿಮೆಯಾದರೂ ಪರವಾಗಿಲ್ಲ, ದಿನಕ್ಕೆ ಮೂವತ್ತೆಂಟು. ಆಮೇಲಿನ ಪ್ರಶ್ನೆ: ಎದುರಿನ ದರ್ಶಿನಿ 50ಕ್ಕೇ ಕೊಡುತ್ತಿದ್ದರೆ ನಿಮ್ಮ ಸಲಹೆ ಏನು, ಎರಡು ವಾಕ್ಯದಲ್ಲಿ ಕಾರಣ ಬರೆಯಿರಿ. ಲೆಕ್ಕ ತಪ್ಪಿಲ್ಲದೆ ಮಾಡುವವರು ಆ ಎರಡು ವಾಕ್ಯದಲ್ಲಿ ನಿಂತುಬಿಡುತ್ತಾರೆ. ಮೂರು ವರ್ಷ ಅವರ ಸಲಹೆಯನ್ನು ಯಾರೂ ಕೇಳಿರಲಿಲ್ಲ. ದರ್ಶಿನಿ, ಚಿಕ್ಕಪೇಟೆಯ ಸಗಟು ಬಟ್ಟೆ ವ್ಯಾಪಾರದ ಸಾಲದ ಅವಧಿ, ಕೆ.ಆರ್. ಮಾರುಕಟ್ಟೆಯ ಹೂವಿನ ದಿನದಿನದ ದರ, ಇಷ್ಟೆಲ್ಲ ಕಾಲ್ನಡಿಗೆಯ ದೂರದಲ್ಲಿರುವಾಗಲೂ ನಮ್ಮ ಪಾಠದಲ್ಲಿ ಇಂದಿಗೂ ‘ಎಕ್ಸ್ ಲಿಮಿಟೆಡ್’ ಕಂಪನಿಯೇ ಇರುವುದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಸೆಮಿನಾರ್ ಪ್ರಬಂಧದಲ್ಲಿ ಪೆಟ್ಟು ಇನ್ನೂ ಗಟ್ಟಿ. ಹನ್ನೆರಡು-ಹದಿನೈದು ಪುಟ, ಪ್ರತಿ ಹೇಳಿಕೆಗೂ ಆಧಾರ, ಕೊನೆಯಲ್ಲಿ ‘ಇದು ನನ್ನದೇ ಬರಹ’ ಎಂದು ಸಹಿ. ಸೀನಿಯರ್‌ಗಳ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಕಂಪನಿಯ ಹೆಸರು ಬದಲಿಸಿ ಜೆರಾಕ್ಸ್ ಅಂಗಡಿಯಲ್ಲಿ ಬೈಂಡ್ ಮಾಡಿಸಿದ ಅಭ್ಯಾಸ ಇಲ್ಲಿ ನೇರವಾಗಿ 5.0ಗೆ ಒಯ್ಯುತ್ತದೆ. ಮೋಸದ ಉದ್ದೇಶವಿಲ್ಲದೆ, ಬೇರೆಯವರ ವಾಕ್ಯದಲ್ಲಿ ನಾಲ್ಕು ಪದ ಬದಲಿಸಿದರೆ ತನ್ನದಾಯಿತು ಎಂದು ನಂಬಿಕೊಂಡೇ ಸಿಕ್ಕಿಬೀಳುವವರು ಹೆಚ್ಚು. ಆರಂಭದಿಂದಲೇ ಓದಿದ ಪ್ರತಿ ಪುಟದ ಸಂಖ್ಯೆ ಬರೆದಿಟ್ಟುಕೊಳ್ಳಬೇಕು. ಕೊನೆಯ ವಾರ ಹುಡುಕಲು ಹೊರಟರೆ ಸಿಗುವುದಿಲ್ಲ.

ಗ್ರೂಪ್ ಕೆಲಸದಲ್ಲಿ ನಮ್ಮ ‘ಆಯ್ತು, ಮಾಡ್ತೀನಿ’ ತೊಂದರೆ ಕೊಡುತ್ತದೆ. ನಮ್ಮಲ್ಲಿ ಅದು ಎದುರಿನವರ ಮನಸ್ಸು ನೋಯಿಸದ ಮಾತು, ಇಲ್ಲಿ ಅದು ಗುರುವಾರ ಸಂಜೆಗೆ ಕೊಡುತ್ತೇನೆ ಎಂಬ ಒಪ್ಪಂದ. ಆಗದಿದ್ದರೆ ಸೋಮವಾರವೇ ಆಗದು ಎಂದರೆ ಯಾರೂ ಬೇಸರಿಸುವುದಿಲ್ಲ. ಗುರುವಾರ ಫೋನ್ ಎತ್ತದಿದ್ದರೆ ಮುಂದಿನ ಸಲ ಯಾವ ಗ್ರೂಪೂ ಸೇರಿಸಿಕೊಳ್ಳುವುದಿಲ್ಲ.

ಹೀಗೆಂದ ಮಾತ್ರಕ್ಕೆ ಎಲ್ಲವೂ ಇಲ್ಲಿಯದೇ ಮೇಲು ಎಂದು ನಾನು ಒಪ್ಪುವವನಲ್ಲ. ಬಸವನಗುಡಿಯ ಕಾಲೇಜಿನ ಮೇಷ್ಟ್ರಿಗೆ ಅರವತ್ತು ಮಕ್ಕಳ ಹೆಸರೂ ಗೊತ್ತಿರುತ್ತದೆ, ವಾರ ಕಾಣದಿದ್ದರೆ ‘ಏನಪ್ಪಾ, ಮನೆಯಲ್ಲಿ ಎಲ್ಲ ಆರಾಮಾ’ ಎಂದು ಕೇಳುತ್ತಾರೆ. ಇಲ್ಲಿ ನಾನೂರು ಜನರ ಹಾಲ್‌ನಲ್ಲಿ ಒಬ್ಬ ಹುಡುಗ ಕುಸಿಯುತ್ತಿದ್ದರೆ ಅದು ತಿಳಿಯುವುದು ಫಲಿತಾಂಶದಲ್ಲೇ. ಅದೊಂದು ಕೊರತೆಯೇ, ಸ್ವಾತಂತ್ರ್ಯದ ಹೆಸರಿನಲ್ಲಿ ಅದನ್ನು ಮುಚ್ಚಬಾರದು. ಬರುವ ಮಕ್ಕಳ ಅಪ್ಪ-ಅಮ್ಮಂದಿರು ‘ಊಟ ಆಯ್ತಾ’ ಎನ್ನುವುದರ ಜೊತೆಗೆ ‘ಪರೀಕ್ಷೆಗೆ ಹೆಸರು ಕೊಟ್ಟೆಯಾ’ ಎಂದೂ ಡಿಸೆಂಬರ್‌ಗೆ ಮೊದಲೇ ಒಮ್ಮೆ ಕೇಳಲಿ.

ಬೆಂಗಳೂರಿನ ಕಾಲೇಜುಗಳು ಖರ್ಚಿಲ್ಲದೆ ತೆಗೆದುಕೊಳ್ಳಬಹುದಾದ ಒಂದು ಪದ್ಧತಿ ಇಲ್ಲಿದೆ. ಫಲಿತಾಂಶದ ನಂತರ ಒಂದು ದಿನ ಗೊತ್ತುಮಾಡಿ, ವಿದ್ಯಾರ್ಥಿಯ ಉತ್ತರಪತ್ರಿಕೆಯನ್ನು ಅವನ ಮುಂದಿಡುತ್ತಾರೆ. ಎಲ್ಲಿ ಎಷ್ಟು ಅಂಕ, ಯಾಕೆ ಹೋಯಿತು ಎಂದು ಅವನು ನೋಡುತ್ತಾನೆ, ಕೇಳುತ್ತಾನೆ, ಕೂಡಿಕೆ ತಪ್ಪಿದ್ದರೆ ತಿದ್ದಿಸುತ್ತಾನೆ. ನಮ್ಮ ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ ಇದಕ್ಕೆ ದುಡ್ಡು ಕಟ್ಟಿ ಜೆರಾಕ್ಸ್ ಪ್ರತಿ ತರಿಸಬೇಕು, ಮರುಮೌಲ್ಯಮಾಪನಕ್ಕೆ ಮತ್ತೆ ಕಟ್ಟಬೇಕು. ಆದರೆ ಇಂಟರ್ನಲ್ಸ್ ಕಾಲೇಜಿನ ಕೈಯಲ್ಲೇ ಇದೆ. ತಿದ್ದಿದ ಪತ್ರಿಕೆಗಳನ್ನು ಒಂದು ಮಧ್ಯಾಹ್ನ ಕ್ಲಾಸಿನಲ್ಲಿ ಹಂಚಿ, ಹೋದ ಒಂದೊಂದು ಅಂಕಕ್ಕೂ ಕಾರಣವನ್ನು ಮಕ್ಕಳಿಂದಲೇ ಬರೆಸಲು ಎರಡು ಪಿರಿಯಡ್ ಸಾಕು.