ಟ್ಯಾಂಕಿಗೊಂದು ಬಣ್ಣ

ಬಿಚ್ಚಿದ ಪೆಟ್ರೋಲ್ ಟ್ಯಾಂಕನ್ನು ಅಂಗಳದಲ್ಲಿ ಇಟ್ಟುಕೊಂಡು ಕೂತರೆ ಅದು ಬೀದಿಯವರೆಲ್ಲರ ಸ್ವತ್ತಾಗುತ್ತದೆ. ಆಯುಧಪೂಜೆಯ ಹೊತ್ತಿಗೆ ಹಳೆಯ ಜಾವಾ ಬೈಕಿಗೆ ಮನೆಯಲ್ಲೇ ಬಣ್ಣ ಹೊಡೆಯೋಣವೆಂದು ಹಳೆ ಬಣ್ಣ ಉಜ್ಜುವ ವಾಟರ್ ಪೇಪರ್ ಹಿಡಿದದ್ದೇ ತಡ, ಹಾಲು ಹಾಕುವವನು ನೀಲಿ ಎಂದ, ಇಸ್ತ್ರಿಯವನು ಕೆಂಪು–ಕಪ್ಪು ಜೋಡಿ ಎಂದ. ಗೆಳೆಯನೊಬ್ಬ ಮಿಲಿಟರಿ ಹಸಿರು ಎಂದಾಗ, ಕೇಂದ್ರ ಮೋಟಾರು ವಾಹನ ನಿಯಮಗಳ 121ನೆಯ ನಿಯಮದಂತೆ ಆಲಿವ್ ಹಸಿರು ರಕ್ಷಣಾ ಇಲಾಖೆಯ ವಾಹನಗಳಿಗಷ್ಟೇ ಮೀಸಲು ಎಂದು ಹೇಳಿ ಬಾಯಿ ಮುಚ್ಚಿಸಿದೆ. ಅಕ್ಕನ ಮಗನ ಆಯ್ಕೆ ಹೊಳಪಿಲ್ಲದ ಕಪ್ಪು. ಊರಿನ ಅರ್ಧ ಗಾಡಿಗಳು ಈಗಾಗಲೇ ತೊಳೆಯದ ಬಾಣಲೆಯಂತೆ ಓಡಾಡುತ್ತಿರುವುದು ಸಾಲದೇ?

ಎದುರುಮನೆಯ ಹಿರಿಯರ ವಿಷಯ ಬೇರೆ. ಅವರು 1996ರಲ್ಲಿ ಬಾಗಿಲು ಮುಚ್ಚಿದ ಮೈಸೂರಿನ ಯಾದವಗಿರಿಯ ಜಾವಾ ಕಾರ್ಖಾನೆಯಲ್ಲೇ ದುಡಿದವರು. "ಮೆರೂನ್ ಬಿಟ್ಟು ಬೇರೇನಾದರೂ ಹೊಡೆದರೆ ನಿಮ್ಮ ಮನೆ ಕಡೆ ತಲೆಯೆತ್ತಿಯೂ ನೋಡುವುದಿಲ್ಲ ಸ್ವಾಮಿ" ಎಂದರು. ಆ ಲಾಭಕ್ಕಾಗಿಯಾದರೂ ನೀಲಿ ಹೊಡೆಯಬೇಕೆನ್ನಿಸಿತು. ಆದರೂ ಶೇಡ್ ಕಾರ್ಡ್ ಮುಂದೆ ಹಿಡಿದು, ಯಾವ ಮೆರೂನ್ ಎಂದು ಕೇಳಿದೆ. ಕನ್ನಡಕ ಏರಿಸಿ ಇಳಿಸಿ, "ಇದರಲ್ಲಿ ಒಂದೂ ಅಲ್ಲ" ಎಂದು ತೀರ್ಪಿತ್ತು, ಆಗಲೇ ಚಪ್ಪಲಿ ಮೆಟ್ಟಿ ನನ್ನನ್ನು ಸರಸ್ವತಿಪುರಂಗೆ ಹೊರಡಿಸಿದರು. ಅಲ್ಲಿ ಅವರ ಹಳೆಯ ಸಹೋದ್ಯೋಗಿಯ ಮನೆಯಲ್ಲಿ ಟಾರ್ಪಾಲಿನಡಿ ಒಂದು ಜಾವಾ ಇತ್ತು. ಟ್ಯಾಂಕ್ ಬಿಸಿಲಿಗೆ ಕಂದಿ ಇಟ್ಟಿಗೆಬಣ್ಣಕ್ಕೆ ತಿರುಗಿತ್ತು, ಮಡ್‌ಗಾರ್ಡಿಗೆ ಯಾರೋ ಮತ್ತೊಂದು ಕೆಂಪು ಮೆತ್ತಿದ್ದರು. ಮನೆಯವರು ಟೂಲ್‌ಬಾಕ್ಸ್ ತೆರೆದು, ಮುಚ್ಚಳದ ಒಳಮೈಯ ಗ್ರೀಸನ್ನು ಬನಿಯನ್ ಚೂರಿನಿಂದ ಒರೆಸಿದರು. ಬಿಸಿಲು ಕಾಣದ ಆ ಮೂಲೆಯಲ್ಲಿ ಎರಡು ಬೆರಳಗಲದ ಬಣ್ಣ, ಬಹುತೇಕ ಕಪ್ಪೇ, ಟಾರ್ಚ್ ಬಿಟ್ಟಾಗ ಮಾತ್ರ ಕೆಂಪು. "ಇದೇ ನೋಡಿ ಅಸಲು" ಎಂದರು ಅವರು. "ಇದು ಗ್ರೀಸು ಕುಡಿದ ಬಣ್ಣ, ನಮ್ಮದು ಇಷ್ಟು ಕಪ್ಪಿರಲಿಲ್ಲ" ಎಂದರು ನಮ್ಮವರು. ಕಾಫಿ ಬಂತು, ಕೋಡುಬಳೆ ಬಂತು. ಪಾಳಿಯ ಜಗಳ, ಬೋನಸ್ಸಿನ ಜಗಳ, ಕ್ಯಾಂಟೀನಿನ ಉಪ್ಪಿಟ್ಟು ಎಲ್ಲ ಬಂದು ಹೋದವು. ಮುಚ್ಚಳ ನನ್ನ ತೊಡೆಯ ಮೇಲೆಯೇ ಇತ್ತು.

ನನ್ನ ನಿಜವಾದ ಚಿಂತೆ ಬಣ್ಣ ನಿಲ್ಲುವುದರದು. 1962ರ ಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುತ್ತಿರುವ ಶಾಯಿ ಇದೇ ಮೈಸೂರಿನ ಬಣ್ಣದ ಕಾರ್ಖಾನೆಯದು. ಸಿಲ್ವರ್ ನೈಟ್ರೇಟಿನ ಆ ಗುರುತು ಎಷ್ಟು ತಿಕ್ಕಿದರೂ ಬಿಡದು. ಮಾಮೂಲಿ ಸ್ಪ್ರೇ ಡಬ್ಬಿಯ ಬಣ್ಣವಾದರೋ, ಬಂಕಿನವನು ಒಂದು ಹನಿ ಪೆಟ್ರೋಲ್ ಚೆಲ್ಲಿದರೆ ಮೆತ್ತಗಾಗಿ ಸುಕ್ಕುಗಟ್ಟುತ್ತದೆ. ಬಣ್ಣ ಗಟ್ಟಿಯಾಗಿಸುವ ಹಾರ್ಡನರ್ ಬೆರೆಸಿದ ಲ್ಯಾಕರ್ ಪೆಟ್ರೋಲಿಗೆ ಜಗ್ಗುವುದಿಲ್ಲ, ಆದರೆ ಅದರ ಆವಿ ಶ್ವಾಸಕೋಶಕ್ಕೆ ಕೆಟ್ಟದ್ದು. ಅದನ್ನು ಅಂಗಳದಲ್ಲಿ ಹೊಡೆಯುವಂತಿಲ್ಲ, ಬಣ್ಣ ಹೊಡೆಯುವ ಬೂತ್ ಇರುವವರಿಗೇ ಕೊಡಬೇಕು. ಇದನ್ನು ಹೇಳಿದರೆ ಹಿರಿಯರಿಬ್ಬರಿಗೂ ಆಸಕ್ತಿಯೇ ಇಲ್ಲ. ಈಗ ಅವರ ತಕರಾರು ಟ್ಯಾಂಕಿನ ಮೇಲೆ ಎಳೆಯುವ ಚಿನ್ನದ ಗೆರೆ ಒಂದೋ ಎರಡೋ ಎಂಬುದರ ಬಗ್ಗೆ. ತೀರ್ಮಾನಕ್ಕೆ ಶ್ರೀರಂಗಪಟ್ಟಣದಿಂದ ಇನ್ನೊಬ್ಬರನ್ನು ಕರೆಸುತ್ತಾರಂತೆ, ನನ್ನ ಮನೆಗೇ.