ಅಡುಗೆಮನೆ ಕಸದ ಲೆಕ್ಕ ತರಕಾರಿ ಅಂಗಡಿಯಿಂದಲೇ ಶುರು

ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಟ್ಟರೆ ನಮ್ಮ ಜವಾಬ್ದಾರಿ ಮುಗಿಯಿತು ಅಂತ ಬೆಂಗಳೂರಿನಲ್ಲಿ ತುಂಬಾ ಜನ ಅಂದುಕೊಂಡಿದ್ದಾರೆ. ಬೇರೆ ಮಾಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಸಿ ಕಸದ ಬಕೆಟ್ ದಿನಾ ತುಂಬುತ್ತಿದ್ದರೆ ಒಮ್ಮೆ ಬಗ್ಗಿ ನೋಡಿ. ಬರೀ ಸಿಪ್ಪೆ ಇರುವುದಿಲ್ಲ. ಬಾಡಿದ ಸೊಪ್ಪು, ಕೊಳೆತ ಟೊಮೆಟೊ, ನಿನ್ನೆಯ ಅನ್ನ, ಹಳಸಿದ ಸಾರು ಎಲ್ಲ ಇರುತ್ತದೆ. ದುಡ್ಡು ಕೊಟ್ಟು ತಂದು, ಹೆಚ್ಚಿ, ಗ್ಯಾಸ್ ಉರಿಸಿ ಬೇಯಿಸಿ, ಆಮೇಲೆ ಬಿಸಾಡಿದ್ದು.

ವಿಶ್ವಸಂಸ್ಥೆಯ ಪರಿಸರ ವಿಭಾಗ 2024ರಲ್ಲಿ ಕೊಟ್ಟ ವರದಿಯ ಪ್ರಕಾರ ನಮ್ಮ ದೇಶದ ಮನೆಗಳಲ್ಲಿ ತಲೆಗೆ ವರ್ಷಕ್ಕೆ ಸುಮಾರು 55 ಕೆ.ಜಿ. ಆಹಾರ ಕಸ ಸೇರುತ್ತದೆ. ಸಿಪ್ಪೆ, ಬೀಜ ಎಲ್ಲ ಸೇರಿಸಿದ ಅಂದಾಜು ಇದು. ನಾಲ್ಕು ಜನರ ಮನೆಗೆ 220 ಕೆ.ಜಿ. ಆಯಿತು.

ಅದು ಹೋಗುವುದು ಎಲ್ಲಿಗೆ? ಯಾರದೋ ಊರಿಗೆ. ಬೆಂಗಳೂರಿನ ಕಸ ಸುರಿಯುತ್ತಿದ್ದ ಮಾವಳ್ಳಿಪುರ, ಮಂಡೂರು ಅನ್ನುವ ಹಳ್ಳಿಗಳು ನೆನಪಿವೆ ಅಲ್ವಾ? 2012ರಲ್ಲಿ ಮಾವಳ್ಳಿಪುರಕ್ಕೆ ಕಸ ಹೋಗುವುದು ನಿಂತಾಗ ಬೆಂಗಳೂರಿನ ಬೀದಿ ಬೀದಿಯಲ್ಲಿ ರಾಶಿ ಬಿತ್ತು. ಆಮೇಲೆ ಹೆಚ್ಚಿನ ಭಾರ ಮಂಡೂರಿನ ಮೇಲೆ. 2014ರಲ್ಲಿ ಅಲ್ಲಿನ ಜನ ಲಾರಿ ತಡೆದು ಕೂತರು. ಅವರ ಬಾವಿ, ಬೋರ್‌ವೆಲ್ ನೀರು ಹಾಳಾಗಿತ್ತು, ಮನೆಯಲ್ಲಿ ನೊಣದ ಕಾಟದಿಂದ ಊಟ ಮಾಡೋಕೆ ಆಗುತ್ತಿರಲಿಲ್ಲ. ಆ ನಾತಕ್ಕೆ, ಆ ಕೊಳಕು ನೀರಿಗೆ ಮುಖ್ಯ ಕಾರಣ ಪ್ಲಾಸ್ಟಿಕ್ ಅಲ್ಲ, ನಮ್ಮ ಹಸಿ ಕಸ. ರಾಶಿಯ ಅಡಿಯಲ್ಲಿ ಗಾಳಿ ಸಿಗದೆ ಕೊಳೆತಾಗ ನಾತದ ಜೊತೆ ಮೀಥೇನ್ ಅನಿಲ ಹುಟ್ಟುತ್ತದೆ, ಕಪ್ಪು ರಸ ಇಳಿದು ನೆಲ ಸೇರುತ್ತದೆ. ನಮ್ಮ ಅಡುಗೆಮನೆಯ ಕಸ ಇನ್ನೊಬ್ಬರ ಬಾವಿಗೆ ಇಳಿಯುವುದನ್ನು ನನ್ನಿಂದ ಒಪ್ಪಿಕೊಳ್ಳೋಕೆ ಆಗುವುದಿಲ್ಲ.

ಅದಕ್ಕೇ ನಾನು ಹೇಳುವುದು, ಹಸಿ ಕಸವನ್ನು ಗೊಬ್ಬರ ಮಾಡುವ ಕಾಂಪೋಸ್ಟ್ ಕೊನೆಗೆ. ಮೊದಲು ತರುವುದನ್ನು ಕಡಿಮೆ ಮಾಡಿ. ಸಂಜೆ ಹೊತ್ತು ಗಾಡಿಯವರು ಮೂರು ಕಟ್ಟು ಸೊಪ್ಪು ಅಗ್ಗಕ್ಕೆ ಕೊಡ್ತೀನಿ ಅಂದರೆ ಕೈ ತಾನಾಗಿ ಮುಂದೆ ಹೋಗುತ್ತದೆ. ತಿನ್ನುವುದು ಒಂದೇ ಕಟ್ಟು. ಆ್ಯಪ್‌ಗಳಂತೂ ಡೆಲಿವರಿ ಚಾರ್ಜ್ ತಪ್ಪಿಸೋಕೆ ಇನ್ನೊಂದು ಐಟಂ ಸೇರಿಸಿ ಅನ್ನುತ್ತವೆ, ನಾವು ಸುಮ್ನೆ ಒಂದು ಪ್ಯಾಕೆಟ್ ಅಣಬೆ ಸೇರಿಸುತ್ತೇವೆ. ಫ್ರಿಜ್‌ನಲ್ಲಿ ಏನಿದೆ ಅಂತ ನೋಡಿಕೊಂಡೇ ಹೊರಡುವ ಅಭ್ಯಾಸ ಒಂದಿದ್ದರೆ ಅರ್ಧ ಕಸ ಮನೆಗೇ ಬರುವುದಿಲ್ಲ.

ತಂದ ಮೇಲೆ ಇಡುವುದೂ ಅಷ್ಟೇ ಮುಖ್ಯ. ಸೊಪ್ಪು ತೊಳೆದು ಇಟ್ಟರೆ ಬೇಗ ಕೊಳೆಯುತ್ತದೆ. ಬೇರು ಕತ್ತರಿಸಿ, ತೇವ ಆರಿಸಿ, ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಹಸಿಮೆಣಸಿನಕಾಯಿಯ ತೊಟ್ಟು ಬಿಡಿಸಿಡಿ. ಆಲೂಗಡ್ಡೆ, ಈರುಳ್ಳಿ ಒಂದೇ ಬುಟ್ಟಿಯಲ್ಲಿ ಬೇಡ. ಮಾಗಿದ ಬಾಳೆಹಣ್ಣಿನ ಪಕ್ಕ ಸೊಪ್ಪು ಇಡಬೇಡಿ, ಆ ಹಣ್ಣು ಬಿಡುವ ಎಥಿಲೀನ್ ಅನಿಲಕ್ಕೆ ಸೊಪ್ಪು ಬೇಗ ಹಳದಿಯಾಗುತ್ತದೆ.

ಇನ್ನು ಸಿಪ್ಪೆ. ಇದರ ಬಗ್ಗೆ ಮಾತಾಡಲು ನನಗೆ ತುಂಬಾ ಖುಷಿ. ಹೀರೇಕಾಯಿ ಸಿಪ್ಪೆ ಬಿಸಾಡುವವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ! ಕಾಯಿಯನ್ನು ಚೆನ್ನಾಗಿ ತೊಳೆದು ಸಿಪ್ಪೆ ಹೆರೆಯಿರಿ. ಚಮಚ ಎಣ್ಣೆಯಲ್ಲಿ ಕಡಲೆಬೇಳೆ, ಉದ್ದಿನಬೇಳೆ, ಒಣಮೆಣಸಿನಕಾಯಿ ಹುರಿದು ತೆಗೆದಿಟ್ಟು, ಅದೇ ಬಾಣಲೆಗೆ ಸಿಪ್ಪೆ ಹಾಕಿ. ಹಸಿ ವಾಸನೆ ಹೋಗಿ, ಅಂಚು ಸ್ವಲ್ಪ ಗರಿ ಅನ್ನುವ ತನಕ ಬಾಡಿಸಿ. ಹುಣಸೆಹಣ್ಣು, ಉಪ್ಪು, ಕಾಯಿತುರಿ ಸೇರಿಸಿ ತರಿತರಿಯಾಗಿ ರುಬ್ಬಿ. ಬಿಸಿ ಅನ್ನ, ಮೇಲೊಂದಿಷ್ಟು ತುಪ್ಪ. ತಿರುಳಿನ ಪಲ್ಯಕ್ಕಿಂತ ಮೊದಲು ಈ ಚಟ್ನಿ ಖಾಲಿಯಾಗುತ್ತದೆ. ಸೀಮೆಬದನೆ ಸಿಪ್ಪೆಗೂ ಇದೇ ವಿಧಾನ. ಕರಾವಳಿಯಲ್ಲಿ ಕಲ್ಲಂಗಡಿಯ ಬಿಳಿ ಭಾಗ ರುಬ್ಬಿ ದೋಸೆ ಹೊಯ್ಯುತ್ತಾರೆ. ಮಲೆನಾಡಿನಲ್ಲಿ ದಾಳಿಂಬೆ ಸಿಪ್ಪೆ ತಂಬುಳಿ, ಕಿತ್ತಳೆ ಸಿಪ್ಪೆ ಗೊಜ್ಜು. ಹಲಸಿನ ಬೀಜವನ್ನಂತೂ ಮಣ್ಣಲ್ಲಿ ಹೊರಳಿಸಿ ಮಳೆಗಾಲಕ್ಕೆ ಕಾಪಿಡುತ್ತಾರೆ. ಮಂಡ್ಯ, ಹಾಸನದ ಕಡೆ ಕಾಳು ಸೊಪ್ಪು ಬೇಯಿಸಿದ ನೀರನ್ನು ಚೆಲ್ಲುವುದಿಲ್ಲ, ಅದೇ ಬಸ್ಸಾರು, ಉಪ್ಸಾರು. ಇದನ್ನೆಲ್ಲ ಬಡತನದ ಅಡುಗೆ ಅಂತ ಮೂಗು ಮುರಿಯುವವರಿದ್ದಾರೆ. ನನ್ನ ಪ್ರಕಾರ ನಮ್ಮ ಹೆಂಗಸರು ಸಾಧಿಸಿದ ದೊಡ್ಡ ವಿದ್ಯೆ ಇದು, ಯಾವ ಹೋಟೆಲ್ ಅಡುಗೆಗೂ ಕಡಿಮೆಯಿಲ್ಲ.

ಅನ್ನ ಉಳಿದರೆ ಚಿತ್ರಾನ್ನ ಎಲ್ಲರಿಗೂ ಗೊತ್ತು. ಬೇಸಿಗೆಯಲ್ಲಿ ಬೆಳಗ್ಗೆಯಿಂದ ರಾತ್ರಿವರೆಗೆ ಹೊರಗಿಟ್ಟ ಅನ್ನ ಮಾತ್ರ ಬೇಡ, ಆರಿದ ಕೂಡಲೇ ಫ್ರಿಜ್‌ಗೆ ಹಾಕಿ. ಅದಕ್ಕಿಂತ ಒಳ್ಳೆಯದು, ಮನೆಯಲ್ಲಿ ಇವತ್ತು ಊಟಕ್ಕೆ ಯಾರ್ಯಾರು ಅಂತ ಕೇಳಿಯೇ ಅಕ್ಕಿ ಅಳೆಯುವುದು.

ಇಷ್ಟಾದ ಮೇಲೂ ಉಳಿಯುವುದು ಈರುಳ್ಳಿ ಸಿಪ್ಪೆ, ಟೀ ಚರಟ, ಮೊಟ್ಟೆ ಚಿಪ್ಪು, ಬಾಳೆಹಣ್ಣಿನ ಸಿಪ್ಪೆ. ಇದಕ್ಕೆ ಕಾಂಪೋಸ್ಟ್. ಬಾಲ್ಕನಿ ಮೂಲೆ ಸಾಕು. ಹಳೆಯ ಪೇಂಟ್ ಬಕೆಟ್ಟನ್ನು ಚೆನ್ನಾಗಿ ತೊಳೆದು, ಪಕ್ಕದಲ್ಲಿ, ತಳದಲ್ಲಿ ತೂತು ಮಾಡಿ. ತಳಕ್ಕೆ ಒಣಗಿದೆಲೆ, ಮೇಲೆ ದಿನದ ಸಿಪ್ಪೆ ಸಣ್ಣಗೆ ಹೆಚ್ಚಿ ಹಾಕಿ, ಮತ್ತೆ ಎಲೆ ಮುಚ್ಚಿ. ಶುರುವಿನಲ್ಲಿ ಸ್ವಲ್ಪ ಹುಳಿ ಮಜ್ಜಿಗೆ ಚಿಮುಕಿಸಿ. ಎರಡು ಮೂರು ದಿನಕ್ಕೊಮ್ಮೆ ಕೆದಕಿ ಗಾಳಿ ಆಡಿಸಿ. ಬಿಳಿ ಬೂಷ್ಟು ಕಂಡರೆ ಗಾಬರಿ ಬೇಡ, ಕೆಲಸ ನಡೆಯುತ್ತಿದೆ ಅಂತ ಅರ್ಥ. ವಾಸನೆ ಬಂದರೆ ನೀರು ಜಾಸ್ತಿಯಾಗಿದೆ, ಒಣ ಎಲೆ ಸುರಿಯಿರಿ. ಬೇಯಿಸಿದ ಎಣ್ಣೆ ಪದಾರ್ಥ, ಮಾಂಸ ಹಾಕಬೇಡಿ. ಬಕೆಟ್ ತುಂಬಿದ ಮೇಲೆ ಎರಡು ತಿಂಗಳಷ್ಟು ಬಿಟ್ಟರೆ ಮಳೆ ಬಿದ್ದ ಮಣ್ಣಿನ ವಾಸನೆಯ ಕಪ್ಪು ಗೊಬ್ಬರ ಸಿಗುತ್ತದೆ.

ಇಷ್ಟೂ ಬೇಡ ಅನ್ನುವವರಲ್ಲಿ ಒಂದು ಕಳಕಳಿಯ ಮನವಿ. ಹಸಿ ಕಸವನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಗಂಟು ಕಟ್ಟಿ ಕೊಡಬೇಡಿ. ಆ ಗಂಟನ್ನು ಪೌರಕಾರ್ಮಿಕರು ಕೈಯಲ್ಲಿ ಬಿಚ್ಚಬೇಕಾಗುತ್ತದೆ.

ಫೆಬ್ರವರಿ, ಮಾರ್ಚ್‌ನಲ್ಲಿ ಬೆಂಗಳೂರಿನ ತುಂಬಾ ಮರಗಳು ಎಲೆ ಉದುರಿಸುತ್ತವೆ. ಗುಡಿಸಿ ರಸ್ತೆ ಬದಿಯಲ್ಲೇ ಬೆಂಕಿ ಇಡುತ್ತಾರೆ. ಇಡುವ ಮೊದಲು ಹೋಗಿ ಎರಡು ಗೋಣಿಚೀಲ ತುಂಬಿಸಿಕೊಂಡು ಬನ್ನಿ. ಮಳೆಗಾಲದಲ್ಲಿ ಒಣ ಎಲೆ ಹುಡುಕಿದರೂ ಸಿಗುವುದಿಲ್ಲ, ಆ ನಾಲ್ಕು ತಿಂಗಳು ಕಾಂಪೋಸ್ಟ್ ಬಕೆಟ್ ನಡೆಯುವುದು ಈ ಚೀಲಗಳ ಮೇಲೆಯೇ.