ಸಾಲಾಗಳಿಗೆ ಬಾಗಿಲು ಬೇಡ

ಊರಿನಿಂದ ಬ್ಯಾಂಕಾಕಿಗೆ ಬರುವ ನೆಂಟರಿಷ್ಟರೆಲ್ಲ ಕೇಳುವುದು ಪಚ್ಚೆ ಬುದ್ಧನನ್ನು, ಮಲಗಿದ ಬುದ್ಧನನ್ನು. ಕರೆದುಕೊಂಡು ಹೋಗಿ ತೋರಿಸುತ್ತೇನೆ, ಅವು ನೋಡಲೇಬೇಕಾದವು. ಆದರೆ ಇಲ್ಲಿ ನೆಲೆಸಿದ ಮೇಲೆ ನನಗೆ ಹೆಚ್ಚು ಹತ್ತಿರವಾಗಿರುವುದು ಸಾಲಾಗಳು. ಎತ್ತರಿಸಿದ ನೆಲ, ಸಾಲು ಕಂಬಗಳು, ಕಡಿದಾದ ಮಾಡು, ಅಷ್ಟೇ. ಗೋಡೆಯಿಲ್ಲ, ಬಾಗಿಲಿಲ್ಲ. ಥಾಯ್ ಜನರ ಧರ್ಮ ದಿನದಿನವೂ ನಡೆಯುವುದು ಈ ತೆರೆದ ಮಂಟಪಗಳಲ್ಲಿ. ಅವಕ್ಕೆ ಒಂದೊಂದಾಗಿ ಗಾಜಿನ ಬಾಗಿಲು ಕೂರಿಸುತ್ತಿರುವುದನ್ನು ಕಂಡು ಸುಮ್ಮನಿರಲಾಗದೆ ಇದನ್ನು ಬರೆಯುತ್ತಿದ್ದೇನೆ.

ವಿಹಾರದ ಆವರಣದಲ್ಲಿ ಅತ್ಯಂತ ಪವಿತ್ರವಾದ ಕಟ್ಟಡ ಉಬೋಸೊತ್. ಅದರ ಸುತ್ತ ಗಡಿಕಲ್ಲುಗಳಿರುತ್ತವೆ. ಭಿಕ್ಷು ದೀಕ್ಷೆಯಂಥ ಸಂಘದ ವಿಧಿಗಳು ಆ ಗಡಿಯ ಒಳಗೇ ನಡೆಯಬೇಕು. ಊರಿನ ಎಷ್ಟೋ ವಿಹಾರಗಳಲ್ಲಿ ಉಳಿದ ಹೊತ್ತಿನಲ್ಲಿ ಅದಕ್ಕೆ ಬೀಗ. ಗೃಹಸ್ಥರು ಸೇರುವುದು ಸಾಲಾ ಕಾನ್‌ಪರಿಯನ್ ಎಂಬ ದೊಡ್ಡ ಮಂಟಪದಲ್ಲಿ. ಅದಕ್ಕೆ ಗಡಿಕಲ್ಲಿನ ಕಟ್ಟುಪಾಡಿಲ್ಲ. ಅಷ್ಟಮಿ, ಹುಣ್ಣಿಮೆ, ಅಮಾವಾಸ್ಯೆಗಳ 'ವಾನ್ ಫ್ರಾ' ದಿನ ಬೆಳಿಗ್ಗೆ ಹೋದರೆ ಮೆಟ್ಟಿಲ ಬಳಿ ಚಪ್ಪಲಿಗಳ ರಾಶಿ, ಒಳಗೆ ಟಿಫಿನ್ ಕ್ಯಾರಿಯರ್‌ಗಳ ಸಾಲು. ಭಿಕ್ಷುಗಳು ಎತ್ತರದ ಜಗಲಿಯ ಮೇಲೆ, ಜನ ಕೆಳಗೆ ಚಾಪೆಯ ಮೇಲೆ, ಪಾದ ಹಿಂದಕ್ಕೆ ಮಡಚಿ ಕೂರುತ್ತಾರೆ. ಭಿಕ್ಷುಗಳು ಒಂದೇ ವಿಹಾರದಲ್ಲಿ ನೆಲೆನಿಲ್ಲುವ ಮಳೆಗಾಲದ ಮೂರು ತಿಂಗಳ ವಸ್ಸಾದಲ್ಲಿ ಹಳ್ಳಿಯ ಅಜ್ಜ ಅಜ್ಜಿಯರು ಬಿಳಿ ಬಟ್ಟೆಯುಟ್ಟು, ಎಂಟು ನಿಯಮಗಳ ಅಷ್ಟಶೀಲ ಹಿಡಿದು, ಆ ರಾತ್ರಿ ಅಲ್ಲೇ ಸೊಳ್ಳೆಪರದೆ ಕಟ್ಟಿ ಮಲಗುವುದೂ ಉಂಟು.

ನನಗೆ ಬಹಳ ಇಷ್ಟವಾದದ್ದು ದಾನದ ನಂತರದ ನೀರು ಬಿಡುವ ಕ್ರಮ. ಹಿರಿಯ ಭಿಕ್ಷು ಒಬ್ಬರೇ 'ಯಥಾ ವಾರಿವಹಾ ಪೂರಾ' ಎಂದು ಶುರು ಮಾಡುತ್ತಾರೆ. ತುಂಬಿದ ಹೊಳೆಗಳು ಕಡಲನ್ನು ತುಂಬುವಂತೆ ಇಲ್ಲಿ ಕೊಟ್ಟದ್ದು ಸತ್ತವರನ್ನು ಸೇರಲಿ ಎಂಬ ಪಾಲಿ ಗಾಥೆ ಅದು. ಅದೇ ಕ್ಷಣಕ್ಕೆ ಗೃಹಸ್ಥರು ಚಿಕ್ಕ ಹೂಜಿಯಿಂದ ಬಟ್ಟಲಿಗೆ ನೀರನ್ನು ಸಣ್ಣ ಎಳೆಯಾಗಿ ಬಿಡುತ್ತಾರೆ. ಉಳಿದ ಭಿಕ್ಷುಗಳು ದನಿಗೂಡಿಸುವಷ್ಟರಲ್ಲಿ ಹೂಜಿ ಬರಿದಾಗಿರಬೇಕು. ಹೂಜಿಯಿಲ್ಲದವರು ಪಕ್ಕದವರ ಮೊಣಕೈ ಮುಟ್ಟುತ್ತಾರೆ, ಅವರ ಬೆನ್ನನ್ನು ಹಿಂದಿನವರು ಮುಟ್ಟುತ್ತಾರೆ, ಹೀಗೆ ಇಡೀ ಸಾಲಾ ಒಂದು ಕೈಗೆ ಸೇರಿಕೊಳ್ಳುತ್ತದೆ. ತಡವಾಗಿ ಬಂದವರು ಮೆಟ್ಟಿಲ ಮೇಲಿಂದಲೇ ಕೈ ಚಾಚುವುದನ್ನು ಕಂಡಿದ್ದೇನೆ. ಆಮೇಲೆ ಆ ನೀರನ್ನು ಮರದ ಬುಡಕ್ಕೆ ಹಾಕುತ್ತಾರೆ.

ಈ ವ್ಯವಸ್ಥೆ ನಿನ್ನೆ ಮೊನ್ನೆಯದಲ್ಲ. 1292ರ ರಾಮ್‌ಖಾಮ್‌ಹೇಂಗ್ ದೊರೆಯ ಶಾಸನದಲ್ಲಿ ಸುಖೋಥಾಯ್ ನಗರದ ತಾಳೆತೋಪಿನ ವರ್ಣನೆ ಬರುತ್ತದೆ. ಅಲ್ಲಿನ ಶಿಲಾಪೀಠದ ಮೇಲೆ ಕುಳಿತು ಥೇರರು, ಅಂದರೆ ಹಿರಿಯ ಭಿಕ್ಷುಗಳು, ಪರ್ವದಿನಗಳಲ್ಲಿ ಜನರಿಗೆ ಧರ್ಮ ಹೇಳುತ್ತಿದ್ದರಂತೆ. ಅದೇ ತೋಪಿನಲ್ಲಿ ಎರಡು ಸಾಲಾಗಳಿದ್ದವು ಎಂದು ಹೆಸರು ಸಮೇತ ಬರೆದಿದೆ.

ಸಾಲಾ ಕಟ್ಟಿಸುವುದು ಪುಣ್ಯ ಎಂಬ ನಂಬಿಕೆಗೂ ಹಳೆಯ ಬೇರಿದೆ. ಧಮ್ಮಪದವೆಂಬ ಬೌದ್ಧ ಗ್ರಂಥದ ಅಟ್ಠಕಥೆಯಲ್ಲಿ, ಅಂದರೆ ಹಳೆಯ ವ್ಯಾಖ್ಯಾನದಲ್ಲಿ, ಮಗಧದ ಮಘನೆಂಬವನು ಗೆಳೆಯರೊಡನೆ ದಾರಿಹೋಕರಿಗಾಗಿ ನಾಲ್ಕು ದಾರಿ ಕೂಡುವಲ್ಲಿ ತಂಗುಶಾಲೆ ಕಟ್ಟುತ್ತಾನೆ. ಹೆಂಗಸರಿಗೆ ಇದರಲ್ಲಿ ಪಾಲಿಲ್ಲ ಎಂದು ಗಂಡಸರು ತೀರ್ಮಾನಿಸುತ್ತಾರೆ. ಮಘನ ಹೆಂಡತಿಯರಲ್ಲೊಬ್ಬಳಾದ ಸುಧಮ್ಮಾ ಬಡಗಿಯನ್ನು ಒಲಿಸಿಕೊಂಡು ಮಾಡಿನ ಶಿಖರದ ಮರವನ್ನು ಮೊದಲೇ ಒಣಗಿಸಿ, ಕೆತ್ತಿಸಿ, ತನ್ನ ಹೆಸರು ಬರೆಸಿ ಇಡುತ್ತಾಳೆ. ಕೊನೆಗೆ ಅದಿಲ್ಲದೆ ಕಟ್ಟಡ ಮುಗಿಯುವುದಿಲ್ಲ, ಅವಳನ್ನು ಸೇರಿಸಿಕೊಳ್ಳಲೇಬೇಕಾಗುತ್ತದೆ. ಮಘ ಮುಂದೆ ದೇವತೆಗಳ ಒಡೆಯ ಸಕ್ಕನಾಗಿ ಹುಟ್ಟುತ್ತಾನೆ, ದೇವಸಭೆಗೆ ಸುಧಮ್ಮಾಳ ಹೆಸರು ಬರುತ್ತದೆ. ಇಂದಿಗೂ ಹಳ್ಳಿಯ ಸಾಲಾಗಳ ಕಂಬಗಳಲ್ಲಿ ದಾನಿಗಳ ಹೆಸರು ಕಾಣುವಾಗ ಅವಳ ನೆನಪಾಗುತ್ತದೆ. ಅವುಗಳಲ್ಲಿ ಹೆಂಗಸರ ಹೆಸರುಗಳಿಗೇನೂ ಕೊರತೆಯಿಲ್ಲ.

ವಿಹಾರದ ಹೊರಗೂ ಸಾಲಾಗಳಿವೆ. ಹೊಳೆಯ ದೋಣಿಕಟ್ಟೆಯಲ್ಲಿ, ಗದ್ದೆಯ ಅಂಚಿನಲ್ಲಿ, ಬಸ್ಸಿಗೆ ಕಾಯುವಲ್ಲಿ. 1921ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾಯ್ದೆ ಬಂದಾಗ ಎಷ್ಟೋ ಹಳ್ಳಿಗಳ ಮೊದಲ ತರಗತಿ ನಡೆದದ್ದು ವಿಹಾರದ ಸಾಲಾದಲ್ಲೇ. ಅದಕ್ಕೂ ಮೊದಲು ದೊರೆ ಮೂರನೆಯ ರಾಮ ಬ್ಯಾಂಕಾಕಿನ ವಾಟ್ ಫೋ ವಿಹಾರದ ಸಾಲಾಗಳಲ್ಲಿ ವೈದ್ಯದ, ಅಂಗಮರ್ದನದ ಪಾಠಗಳನ್ನು ಕಲ್ಲಿನ ಮೇಲೆ ಬರೆಸಿದ್ದ. ಬಂದವರು ಯಾರೇ ಆಗಲಿ ಓದಿಕೊಂಡು ಹೋಗಬಹುದಿತ್ತು. ಅಲ್ಲಿನ ಶಾಸನಗಳು 2011ರಲ್ಲಿ ಯುನೆಸ್ಕೋದ ವಿಶ್ವ ಸ್ಮೃತಿ ಪಟ್ಟಿ ಸೇರಿದವು.

ಈಗ ಗಾಜಿನ ಮಾತು. ಬ್ಯಾಂಕಾಕಿನ ದೊಡ್ಡ ವಿಹಾರಗಳಲ್ಲಿ ಸಾವಿನ ಮನೆಯವರಿಗೆ ಕೊಡುವ ಸಾಲಾಗಳು ಹವಾನಿಯಂತ್ರಿತ ಕೋಣೆಗಳಾಗುತ್ತಿವೆ. ಮೂರು, ಐದು ಅಥವಾ ಏಳು ರಾತ್ರಿ ಅಲ್ಲಿ ಶವಪೆಟ್ಟಿಗೆಯ ಮುಂದೆ ನಾಲ್ವರು ಭಿಕ್ಷುಗಳು ಬೀಸಣಿಗೆ ಹಿಡಿದು ಅಭಿಧಮ್ಮವೆಂಬ ಬೌದ್ಧ ಗ್ರಂಥಭಾಗವನ್ನು ಪಠಿಸುತ್ತಾರೆ. ನಡುವೆ ಬಂದವರಿಗೆಲ್ಲ ಬಿಸಿ ಗಂಜಿಯೋ ತಿಂಡಿಯೋ ಕೊಡುತ್ತಾರೆ. ತೆರೆದ ಸಾಲಾದಲ್ಲಿ ಬೀದಿಯವರೂ ನಿಂತು ಕೈ ಮುಗಿಯುತ್ತಿದ್ದರು, ಸತ್ತವರ ಪರಿಚಯ ಅಷ್ಟಾಗಿ ಇಲ್ಲದವರೂ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದರು. ಗಾಜಿನ ಬಾಗಿಲು ತಳ್ಳಿ ಒಳಗೆ ಹೋಗಲು ಅಂಥವರಿಗೆ ಸಂಕೋಚ. ಬಡವರಿಗೆ ಬಾಡಿಗೆಯ ಹೊರೆ ಬೇರೆ.

ಏಪ್ರಿಲ್ ಬಿಸಿಲು, ಜನವರಿಯ ವಿಷದ ದೂಳು ನನಗೂ ಗೊತ್ತು. ವಯಸ್ಸಾದವರಿಗೆ ತಂಪು ಬೇಕು ಎಂಬುದನ್ನು ಅಲ್ಲಗಳೆಯುವುದಿಲ್ಲ. ವಿಹಾರಕ್ಕೆ ಅಂಥದ್ದೊಂದು ಕೋಣೆ ಇರಲಿ. ಆದರೆ ಎಲ್ಲವನ್ನೂ ಮುಚ್ಚುವ ಅಗತ್ಯವಿಲ್ಲ. ಬಿಸಿಗಾಳಿ ಮೇಲಕ್ಕೆ ಹೋಗಲೆಂದೇ ಮಾಡು ಅಷ್ಟು ಎತ್ತರ, ಎರಚಲು ತಡೆಯಲೆಂದೇ ಸೂರು ಅಷ್ಟು ಮುಂಚಾಚಿದೆ. ನಾಲ್ಕು ಫ್ಯಾನು ಹಾಕಿದರೆ ಬಹುಪಾಲು ದಿನ ಸಾಕು. ವಿಹಾರದ ಸಮಿತಿಗಳು ಗಾಜಿಗೆ ಎತ್ತುವ ಹಣವನ್ನು ಹಳೆಯ ಮರದ ಸಾಲಾಗಳ ಮಾಡು ರಿಪೇರಿಗೆ ಹಾಕಲಿ ಎಂದು ನಾನು ಪರಿಚಯದವರಿಗೆಲ್ಲ ಹೇಳುತ್ತಲೇ ಇದ್ದೇನೆ.

ಥೈಲ್ಯಾಂಡಿಗೆ ಬರುವವರು ಒಂದು ವಾನ್ ಫ್ರಾ ಬೆಳಿಗ್ಗೆಯನ್ನು ಸಾಮಾನ್ಯ ವಿಹಾರವೊಂದಕ್ಕೆ ಮೀಸಲಿಡಿ. ಒಂಬತ್ತು ಗಂಟೆಯೊಳಗೆ ಹೋಗಿ. ಒಂದಿಷ್ಟು ಹಣ್ಣು ಒಯ್ಯಿರಿ. ಹೆಂಗಸರು ಭಿಕ್ಷುವಿನ ಕೈಗೆ ನೇರವಾಗಿ ಕೊಡುವಂತಿಲ್ಲ, ಅವರು ಹಾಸುವ ಬಟ್ಟೆಯ ಮೇಲೆ ಇಡಬೇಕು. ಪಾದ ಯಾರ ಕಡೆಗೂ ಚಾಚಬೇಡಿ. ಭಿಕ್ಷುಗಳ ಊಟವಾದ ಮೇಲೆ ನಿಮ್ಮನ್ನೂ ಪಂಕ್ತಿಗೆ ಕರೆಯುತ್ತಾರೆ. ಮೀನು, ಮಾಂಸ ಇರುತ್ತದೆ, ಸಸ್ಯಾಹಾರಿಗಳು ಅನ್ನ, ಹಣ್ಣು ಕೇಳಿ ಹಾಕಿಸಿಕೊಳ್ಳಿ. ಊಟ ಮುಗಿದ ಮೇಲೆ ಪಾತ್ರೆ ತೊಳೆಯುವವರ ಜೊತೆ ನೀವೂ ಕೈ ಸೇರಿಸಿ. ಬೇಡ ಎನ್ನುವವರು ಅಲ್ಲಿ ಯಾರೂ ಇಲ್ಲ.